ಪ್ರೇಮಕಾದಂಬರಿಯ ಪ್ರಭೇದಗಳು

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅನೇಕ ಮನೆಗಳಲ್ಲಿ ಒಂದು ಹಳೆಯ ತಕರಾರು ಹೊಸದಾಗಿ ಏಳುತ್ತದೆ. ಮಕ್ಕಳ ಕೈಯಲ್ಲಿ ಕಾದಂಬರಿ ಇರುತ್ತದೆ. ಹಿಂದೆ ಅದು ಪಠ್ಯಪುಸ್ತಕದ ಮರೆಯಲ್ಲಿರುತ್ತಿತ್ತು, ಈಗ ಮೊಬೈಲ್ ಫೋನಿನ ಒಳಗಿರುತ್ತದೆ. "ಅದೇನು, ಬರೀ ಲವ್ ಸ್ಟೋರಿ ತಾನೇ?" ಎಂದು ತಂದೆಯೋ ತಾಯಿಯೋ ಕೇಳಿದರೆ ಮಾತು ಅಲ್ಲಿಗೆ ಮುಗಿಯಿತು. ಪುಸ್ತಕ ಕಪಾಟು ಸೇರುತ್ತದೆ, ಇಲ್ಲವೇ ಓದು ಕಳ್ಳ ಓದಾಗುತ್ತದೆ. ಎರಡರಿಂದಲೂ ಯಾರಿಗೂ ಲಾಭವಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಮೊದಲ ಬಾರಿ ಹೋದವರಿಗೆ ಗೂಡುಗಳೆಲ್ಲ ಒಂದೇ ಎಂದು ತೋರುತ್ತದೆ. ರೀಲರ್‌ಗೆ ಹಾಗಲ್ಲ. ಹಳದಿ ಛಾಯೆಯ ಮಿಶ್ರತಳಿ ಗೂಡು ಯಾವುದು, ಬಿಳಿಯ ದ್ವಿತಳಿ ಗೂಡು ಯಾವುದು ಎಂಬುದು ಆತನಿಗೆ ದೂರದಿಂದಲೇ ಗೊತ್ತು. ಒಂದು ಹಿಡಿ ತೆಗೆದುಕೊಂಡು ಒತ್ತಿ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಆಮೇಲೆ ಬೆಲೆ ಕೂಗುತ್ತಾನೆ. "ಎಲ್ಲವೂ ಗೂಡೇ ತಾನೇ" ಎಂದು ಆತ ಕೊಂಡರೆ ವ್ಯಾಪಾರ ಮುಳುಗಿಹೋಗುತ್ತದೆ. ಪ್ರೇಮಕಾದಂಬರಿಯ ವಿಷಯದಲ್ಲಿ ಮಾತ್ರ ನಾವು ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುತ್ತೇವೆ. ಜೀವಶಾಸ್ತ್ರದಲ್ಲಿ ಸಸ್ಯಗಳಿಗೆ, ಕೀಟಗಳಿಗೆ ಪ್ರಭೇದಗಳಿರುವಂತೆ ಈ ಕಥೆಗಳಿಗೂ ಪ್ರಭೇದಗಳಿವೆ. ಕೆಲವು ಆರೋಗ್ಯಕರ, ಕೆಲವು ಹೊತ್ತು ಕಳೆಯಲು ಮಾತ್ರ, ಇನ್ನು ಕೆಲವನ್ನು ಎಚ್ಚರದಿಂದ ಓದಬೇಕು. ಯಾವುದು ಯಾವುದೆಂದು ಗುರುತಿಸಲು ಕಲಿತ ಓದುಗ ಮೋಸಹೋಗುವುದಿಲ್ಲ.

ವ್ಯಾಖ್ಯೆಯಿಂದ ಆರಂಭ

ಯಾವುದೇ ವರ್ಗೀಕರಣ ವ್ಯಾಖ್ಯೆಯಿಂದ ಆರಂಭವಾಗಬೇಕು. ಅಮೆರಿಕದಲ್ಲಿ 1980ರಲ್ಲಿ ಪ್ರೇಮಕಾದಂಬರಿಕಾರರು ಸೇರಿ ಒಂದು ಸಂಘ ಕಟ್ಟಿಕೊಂಡರು. ಅವರ ಪ್ರಕಾರ ಪ್ರೇಮಕಾದಂಬರಿಗೆ ಎರಡು ಲಕ್ಷಣಗಳಿರಬೇಕು. ಒಂದು, ಕಥೆಯ ನಡುಗಂಬ ಪ್ರೇಮವೇ ಆಗಿರಬೇಕು. ಎರಡು, ಕೊನೆ ತೃಪ್ತಿಕರವೂ ಆಶಾದಾಯಕವೂ ಆಗಿರಬೇಕು. ಕೊನೆಯಲ್ಲಿ ನಾಯಕನೋ ನಾಯಕಿಯೋ ಸತ್ತರೆ, ಅಥವಾ ಇಬ್ಬರೂ ಬೇರೆಯಾದರೆ, ಅದು ಎಷ್ಟೇ ಒಳ್ಳೆಯ ಪ್ರೇಮಕಥೆಯಾದರೂ ಈ ಲೆಕ್ಕದಲ್ಲಿ ಪ್ರೇಮಕಾದಂಬರಿಯಲ್ಲ.

ಇಂಗ್ಲಿಷಿನಲ್ಲಿ ಈ ಜಾಡು ಹಳೆಯದು. ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನ 'ಪಮೇಲಾ' 1740ರದು. ಜೇನ್ ಆಸ್ಟೆನ್ನಳ 'ಪ್ರೈಡ್ ಅಂಡ್ ಪ್ರಿಜುಡೀಸ್' 1813ರದು. ಲಂಡನ್ನಿನಲ್ಲಿ 1908ರಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. 1930ರ ದಶಕದಲ್ಲಿ ಪ್ರೇಮಕಾದಂಬರಿಯ ಕಡೆಗೆ ಪೂರ್ತಿಯಾಗಿ ವಾಲಿತು. 1949ರಲ್ಲಿ ಕೆನಡಾದಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಸಂಸ್ಥೆ 1971ರಲ್ಲಿ ಅದನ್ನು ಕೊಂಡುಕೊಂಡಿತು. ಇಂಥ ಪ್ರಕಾಶಕರೇ ಕಾದಂಬರಿಗಳನ್ನು ವೈದ್ಯಕೀಯ, ಐತಿಹಾಸಿಕ ಎಂದು ಮಾಲೆಮಾಲೆಯಾಗಿ ವಿಂಗಡಿಸಿ, ರಕ್ಷಾಪುಟದ ಮೇಲೆಯೇ ಗುರುತು ಹಾಕಿ ಮಾರಿದರು. ಔಷಧದ ಸೀಸೆಯ ಮೇಲೆ ಚೀಟಿ ಇದ್ದಂತೆ, ಓದುಗನಿಗೆ ಒಳಗೇನಿದೆ ಎಂಬುದು ಮೊದಲೇ ತಿಳಿದಿರುತ್ತಿತ್ತು.

ಕನ್ನಡದಲ್ಲಿ ಚೀಟಿ ಅಂಟಿಸುವ ಈ ಪದ್ಧತಿ ಬೆಳೆಯಲಿಲ್ಲ. 'ಸಾಮಾಜಿಕ ಕಾದಂಬರಿ' ಎಂಬ ಒಂದೇ ಹೆಸರಿನ ಕೆಳಗೆ ಎಲ್ಲವೂ ಬಂದವು. ಹೀಗಾಗಿ ವಿಂಗಡಿಸುವ ಕೆಲಸ ಓದುಗರ ಪಾಲಿಗೇ ಉಳಿದಿದೆ.

ಕನ್ನಡ ನಡೆದ ದಾರಿ

ಪ್ರೇಮಕಥೆ ಕನ್ನಡಕ್ಕೆ ಹೊರಗಿನಿಂದ ಬಂದ ಸರಕಲ್ಲ. 12ನೆಯ ಶತಮಾನದ ನೇಮಿಚಂದ್ರ ಕವಿ 'ಲೀಲಾವತಿ'ಯನ್ನು ಬರೆದ. ಸಂಸ್ಕೃತದಲ್ಲಿ ಸುಬಂಧು ಬರೆದ 'ವಾಸವದತ್ತಾ' ಅದಕ್ಕೆ ಪ್ರೇರಣೆ. ಕಂದರ್ಪದೇವನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು, ಕಂಡವರು ಯಾರೆಂದು ತಿಳಿಯದೆ ಹುಡುಕುವ ಕಥೆ ಅದು. ಹೊಸಗನ್ನಡಕ್ಕೆ ಬಂದರೆ, ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಬಾಲವಿಧವೆಯಾದ ಇಂದಿರೆ ಮನೆ ಬಿಟ್ಟು ಬಂದು, ಓದು ಕಲಿತು, ಭಾಸ್ಕರನನ್ನು ಮದುವೆಯಾಗುತ್ತಾಳೆ. ಅಂದರೆ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೇ ಒಂದು ಮದುವೆಯಲ್ಲಿ, ಅದೂ ವಿಧವೆಯ ಮರುಮದುವೆಯಲ್ಲಿ, ಪರ್ಯವಸಾನಗೊಳ್ಳುತ್ತದೆ.

ಆಮೇಲೆ ಬಂದದ್ದು ಲೇಖಕಿಯರ ಕಾಲ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ, ಅಶ್ವಿನಿ ಮೊದಲಾದವರು ಮನೆಮನೆಯ ಹೆಸರಾದರು. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು. ಒಂದು, ಧಾರಾವಾಹಿಗಳನ್ನು ಹೊತ್ತು ಬಂದ ಪತ್ರಿಕೆಗಳು. 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ, 'ತರಂಗ' 1983ರಲ್ಲಿ ಹೊರಟವು. ಎರಡು, ಗ್ರಂಥಾಲಯ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಊರೂರಿನಲ್ಲಿ ಪುಸ್ತಕ ಸಿಗುವಂತಾಯಿತು. ಬೀದಿಯ ಬಾಡಿಗೆ ಪುಸ್ತಕದ ಅಂಗಡಿಗಳೂ ಈ ಕೆಲಸ ಮಾಡಿದವು. ಮೂರು, ಸಿನಿಮಾ. ತ್ರಿವೇಣಿಯವರ 'ಬೆಳ್ಳಿಮೋಡ' 1967ರಲ್ಲಿ, ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' 1969ರಲ್ಲಿ, ತ್ರಿವೇಣಿಯವರ 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ತೆರೆಗೆ ಬಂದವು. ಅಕ್ಷರ ಬಾರದ ಅಜ್ಜಿಗೂ ಕಾವೇರಿಯ ಕಥೆ ಗೊತ್ತಾದದ್ದು ಹೀಗೆ.

ಈ ಸೀಮೆಯ ಓದುಗರಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. ಚಿಂತಾಮಣಿ, ಗೌರಿಬಿದನೂರು ಕಡೆಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದವರು. ಇಂಥ ಮನೆಗಳಲ್ಲಿ ತೆಲುಗು ಓದಬಲ್ಲವರಿಗೆ ಯದ್ದನಪೂಡಿ ಸುಲೋಚನಾರಾಣಿಯವರ ಕಾದಂಬರಿಗಳೂ ಎಟುಕಿದವು. ಹೀಗೆ ಒಂದೇ ಓದುಗಳಿಗೆ ಎರಡು ಪರಂಪರೆಗಳ ಪ್ರೇಮಕಥೆಗಳನ್ನು ಹೋಲಿಸಿ ನೋಡುವ ಅವಕಾಶ ಈ ಗಡಿ ಭಾಗದಲ್ಲಿ ಸಿಕ್ಕಿತು.

ವಿಂಗಡಣೆಯ ಸೂತ್ರ

ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪನ ಮಾಪನ ಕೇಂದ್ರವೊಂದು ಕೆಲಸ ಮಾಡುತ್ತಿದೆ. ದೂರದ ಭೂಮಿ ನಡುಗಿದಾಗ ಅದು ಸಹಜ ಭೂಕಂಪವೋ, ನೆಲದಡಿಯ ಅಣುಸ್ಫೋಟವೋ ಎಂದು ಅಲ್ಲಿನ ವಿಜ್ಞಾನಿಗಳು ಅಲೆಗಳ ರೂಪ ನೋಡಿ ಹೇಳುತ್ತಾರೆ. ಎರಡರಲ್ಲೂ ನೆಲ ನಡುಗುವುದು ನಿಜ. ನಡುಕದ ಕಾರಣ ಬೇರೆ, ಆದ್ದರಿಂದ ಅಲೆಯ ವಿನ್ಯಾಸವೂ ಬೇರೆ. ಪ್ರೇಮಕಾದಂಬರಿಯಲ್ಲೂ ಓದುಗನ ಎದೆ ನಡುಗುವುದು ಸಮಾನ ಅಂಶ. ಪ್ರಭೇದವನ್ನು ತಿಳಿಯಬೇಕಾದರೆ ಕಾರಣಕ್ಕೆ ಹೋಗಬೇಕು.

ಆ ಕಾರಣವೆಂದರೆ ಅಡ್ಡಿ. ಇಬ್ಬರು ಭೇಟಿಯಾದರು, ಮೆಚ್ಚಿದರು, ಮದುವೆಯಾದರು ಎಂದರೆ ಮೂರು ಸಾಲಿಗೆ ಕಥೆ ಮುಗಿಯಿತು. ಕಾದಂಬರಿಯ ಮುನ್ನೂರು ಪುಟಗಳನ್ನು ತುಂಬುವುದು ಇಬ್ಬರ ನಡುವೆ ನಿಂತ ಅಡ್ಡಿ. ಅಡ್ಡಿ ಬದಲಾದರೆ ಪ್ರಭೇದ ಬದಲಾಗುತ್ತದೆ. ಈ ಸೂತ್ರ ಹಿಡಿದು ಮುಖ್ಯವಾದ ಕೆಲವನ್ನು ನೋಡಬಹುದು.

1. ಐತಿಹಾಸಿಕ ಪ್ರೇಮಕಾದಂಬರಿ. ಇಲ್ಲಿ ಅಡ್ಡಿ ಸಿಂಹಾಸನ, ಯುದ್ಧ, ಕುಲಗೌರವ. ಇಂಗ್ಲೆಂಡಿನಲ್ಲಿ 1811ರಿಂದ 1820ರವರೆಗಿನ ರೀಜೆನ್ಸಿ ಕಾಲವನ್ನೇ ಹಿನ್ನೆಲೆಯಾಗಿಟ್ಟುಕೊಂಡ ಒಂದು ದೊಡ್ಡ ಪಂಗಡವಿದೆ. ಜಾರ್ಜೆಟ್ ಹೇಯರ್ 1935ರಲ್ಲಿ ಬರೆದ 'ರೀಜೆನ್ಸಿ ಬಕ್' ಅದಕ್ಕೆ ದಾರಿ ಹಾಕಿತು. ಕನ್ನಡದಲ್ಲಿ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಹೊಯ್ಸಳ ರಾಣಿಯನ್ನು ಕುರಿತದ್ದು. ಇದನ್ನು ಓದುವ ವಿದ್ಯಾರ್ಥಿಗಳು ಒಂದು ಭೇದವನ್ನು ನೆನಪಿಡಬೇಕು. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳೆಂದು ಶಾಸನ ತಿಳಿಸುತ್ತದೆ, ಇದು ದಾಖಲೆ. ಆಕೆ ಏಕಾಂತದಲ್ಲಿ ಏನು ಯೋಚಿಸಿದಳು, ವಿಷ್ಣುವರ್ಧನನೊಡನೆ ಏನು ಮಾತಾಡಿದಳು ಎಂಬುದು ಕಾದಂಬರಿಕಾರನ ಕಲ್ಪನೆ. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಬಾರದು.

2. ವೈದ್ಯಕೀಯ ಪ್ರೇಮಕಾದಂಬರಿ. ಆಸ್ಪತ್ರೆಯೇ ರಂಗಸ್ಥಳ, ಕರ್ತವ್ಯವೇ ಅಡ್ಡಿ. ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ಡಾಕ್ಟರ್ ಮತ್ತು ನರ್ಸ್ ಕಥೆಗಳು ಪ್ರಸಿದ್ಧ. ಕನ್ನಡದಲ್ಲಿ ಉಷಾ ನವರತ್ನರಾಂ ಅವರ 'ಹೊಂಬಿಸಿಲು' ಮತ್ತು 'ಬಂಧನ' ಇದೇ ಗುಂಪಿನವು. ಇವು ಕ್ರಮವಾಗಿ 1978 ಮತ್ತು 1984ರಲ್ಲಿ ಚಲನಚಿತ್ರಗಳಾದವು. 'ಬಂಧನ'ದಲ್ಲಿ ಡಾ. ಹರೀಶ್ ಮೆಚ್ಚಿದ ನಂದಿನಿ ಬೇರೊಬ್ಬನನ್ನು ಮದುವೆಯಾಗುತ್ತಾಳೆ. ಆತ ಪ್ರೀತಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸಾಯುತ್ತಾನೆ. ಅಮೆರಿಕದ ವ್ಯಾಖ್ಯೆಯಂತೆ ಇದು ಪ್ರೇಮಕಾದಂಬರಿಯೇ ಅಲ್ಲ. ಕನ್ನಡದ ಓದುಗರಿಗೆ ಇದಕ್ಕಿಂತ ದೊಡ್ಡ ಪ್ರೇಮಕಥೆ ಇಲ್ಲ. ತ್ಯಾಗವನ್ನು ಪ್ರೇಮದ ಕೊನೆಯ ಮೆಟ್ಟಿಲೆಂದು ಭಾವಿಸುವ ಸಮಾಜದಲ್ಲಿ ಅಳುವೂ ತೃಪ್ತಿಯೇ. ಆಸ್ಪತ್ರೆಯ ಹಿನ್ನೆಲೆ ಇದೆಯೆಂದು ಇವನ್ನು ಆರೋಗ್ಯ ಶಿಕ್ಷಣದ ಪುಸ್ತಕಗಳೆಂದು ತಿಳಿಯುವಂತಿಲ್ಲ. ಅದಕ್ಕೆ ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ 'ತಾಯಿ ಮಗು', 'ದಾಂಪತ್ಯ ದೀಪಿಕೆ'ಯಂಥ ಬೇರೆ ಪುಸ್ತಕಗಳಿವೆ.

3. ಸಿರಿವಂತ ನಾಯಕನ ಕಥೆ. ಅಡ್ಡಿ ಅಂತಸ್ತು. ಯದ್ದನಪೂಡಿ ಅವರ 'ಸೆಕ್ರೆಟರಿ' 1960ರ ದಶಕದ ತೆಲುಗು ಕಾದಂಬರಿ. 1976ರಲ್ಲಿ ಸಿನಿಮಾ ಆಯಿತು. ಆಫೀಸಿಗೆ ಕೆಲಸಕ್ಕೆ ಬಂದ ಮಧ್ಯಮವರ್ಗದ ಜಯಂತಿ, ಒಡೆಯನಾದ ರಾಜಶೇಖರಂ. ಕಾರು, ಬಂಗಲೆ, ಎತ್ತರದ ಮೈಕಟ್ಟು ಎಲ್ಲವೂ ಆತನ ಕಡೆ. ಆಕೆಯ ಬಳಿ ಇರುವುದು ಸ್ವಾಭಿಮಾನ ಒಂದೇ. ಈ ಪ್ರಭೇದದಲ್ಲಿ ಹೊಟ್ಟು ಹೆಚ್ಚು ಎಂದು ವಿಮರ್ಶಕರು ಬೈದದ್ದುಂಟು. ಆದರೆ ಹೆಣ್ಣುಮಕ್ಕಳು ಉದ್ಯೋಗಕ್ಕೆ ಹೋಗುವುದೇ ಅಪರೂಪವಾಗಿದ್ದ ದಿನಗಳಲ್ಲಿ ಕೆಲಸ ಮಾಡುವ, ಎದುರು ಮಾತಾಡುವ ನಾಯಕಿಯನ್ನು ಅದು ತೋರಿಸಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

4. ಮದುವೆಯ ನಂತರದ ಪ್ರೇಮ. ಇಂಗ್ಲಿಷಿನಲ್ಲಿ ಇದಕ್ಕೆ 'ಅನುಕೂಲದ ಮದುವೆ' ಎಂಬ ಅರ್ಥದ ಹೆಸರಿದೆ. ಅಲ್ಲಿ ಇದೊಂದು ಸಣ್ಣ ಕವಲು. ಹಿರಿಯರು ನಿಶ್ಚಯಿಸಿದ ಮದುವೆಯೇ ರೂಢಿಯಾಗಿರುವ ನಮ್ಮಲ್ಲಿ ಇದೇ ಹೆದ್ದಾರಿ. ವಾಣಿಯವರ 'ಎರಡು ಕನಸು' (ಚಿತ್ರ 1974) ಇದಕ್ಕೆ ಒಳ್ಳೆಯ ನಿದರ್ಶನ. ಲಲಿತೆಯನ್ನು ಬಯಸಿದ್ದ ರಾಮಚಂದ್ರ ಮನೆತನಗಳ ಮುನಿಸಿನಿಂದಾಗಿ ಗೌರಿಯ ಕೈ ಹಿಡಿಯುತ್ತಾನೆ. ಮಾಂಗಲ್ಯ ಕಟ್ಟಿದ ಮಾತ್ರಕ್ಕೆ ಮನಸ್ಸು ತಿರುಗುವುದಿಲ್ಲ. ಇಲ್ಲಿನ ಅಡ್ಡಿ ಹೊರಗಿಲ್ಲ, ಗಂಡನ ನೆನಪಿನಲ್ಲಿದೆ. ಅದು ಕರಗುವವರೆಗೆ ಗೌರಿ ಕಾಯುತ್ತಾಳೆ.

5. ಮನೋವೈಜ್ಞಾನಿಕ ಕಾದಂಬರಿ. ಇದರ ಒಡತಿ ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಅವರು 1928ರಲ್ಲಿ ಹುಟ್ಟಿ, 35 ತುಂಬುವ ಮೊದಲೇ 1963ರಲ್ಲಿ ತೀರಿಕೊಂಡರು. 'ಶರಪಂಜರ'ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಮನೆಗೆ ಬಂದವಳನ್ನು ಗಂಡ, ಆಳುಕಾಳು, ನೆರೆಹೊರೆಯವರು ಯಾರೂ ಗುಣವಾದವಳೆಂದು ನಂಬುವುದಿಲ್ಲ. ಕೊನೆಗೆ ಆಕೆ ಮತ್ತೆ ಆಸ್ಪತ್ರೆ ಸೇರುವಂತಾಗುತ್ತದೆ. ಇಲ್ಲಿ ಅಡ್ಡಿ ರೋಗವಲ್ಲ, ರೋಗವನ್ನು ನೋಡುವ ಕಣ್ಣು. ಹೆರಿಗೆಯ ನಂತರ ಬರುವ ಮನೋರೋಗಕ್ಕೆ ಚಿಕಿತ್ಸೆ ಇದೆ, ಅದು ವಾಸಿಯಾಗುತ್ತದೆ, ಅದು ಹೆಣ್ಣಿನ ಶೀಲದ ಪ್ರಶ್ನೆಯಲ್ಲ ಎಂಬ ವಿಜ್ಞಾನವನ್ನು ಅನೇಕ ಕುಟುಂಬಗಳು ಮೊದಲು ಕೇಳಿದ್ದು ವೈದ್ಯರಿಂದಲ್ಲ, ಈ ಕಾದಂಬರಿಯಿಂದ, ಈ ಸಿನಿಮಾದಿಂದ.

6. ಕಟ್ಟು ಮುರಿಯುವ ಪ್ರೇಮ. ಅಡ್ಡಿ ಜಾತಿ, ಕುಲ, ಸಂಪ್ರದಾಯ. 'ಗೆಜ್ಜೆಪೂಜೆ'ಯ ಚಂದ್ರಾ ಓದು ಬಯಸುತ್ತಾಳೆ, ಮದುವೆ ಬಯಸುತ್ತಾಳೆ. ಹುಟ್ಟಿದ ಮನೆ ಅವಳನ್ನು ಬಿಡುವುದಿಲ್ಲ. ಕಥೆ ಸಾವಿನಲ್ಲಿ ಮುಗಿಯುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಪ್ರೇಮಕಾದಂಬರಿಗಿಂತ ಬಹಳ ದೊಡ್ಡದು; ಆದರೆ ಅದರೊಳಗೆ ಗುತ್ತಿ ತಿಮ್ಮಿಯರ ಕಥೆಯಿದೆ, ಒಲ್ಲದ ಮದುವೆಯ ರಾತ್ರಿ ಮನೆ ಬಿಟ್ಟು ಹೊರಡುವ ಚಿನ್ನಮ್ಮನ ಕಥೆಯಿದೆ. 'ಇಂದಿರಾಬಾಯಿ'ಯಿಂದ ಹೊರಟ ದಾರಿ ಇಲ್ಲಿಗೆ ಬಂದು ಸೇರುತ್ತದೆ.

7. ಗುಟ್ಟಿನ ಮನೆಯ ಕಥೆ. ಅಡ್ಡಿ, ನಾಯಕನ ಹಿಂದಿನ ಬದುಕಿನ ಒಂದು ರಹಸ್ಯ. ಶಾರ್ಲೆಟ್ ಬ್ರಾಂಟೆಯ 'ಜೇನ್ ಏರ್' (1847), ಡಾಫ್ನೆ ದು ಮೊರಿಯೆಯ 'ರೆಬೆಕಾ' (1938) ಇದರ ಮಾದರಿಗಳು. ದೊಡ್ಡ ಮನೆ, ಬೀಗ ಹಾಕಿದ ಕೋಣೆ, ಯಾರೂ ಹೇಳದ ಮಾತು ಇವೇ ಇದರ ಗುರುತುಗಳು.

ಇವಲ್ಲದೆ ಇತ್ತೀಚಿನ ಕವಲುಗಳೂ ಇವೆ. ಕಾಲದಲ್ಲಿ ಹಿಂದಕ್ಕೆ ಹೋಗಿ ಪ್ರೀತಿಸುವ 'ಔಟ್‌ಲ್ಯಾಂಡರ್' 1991ರಲ್ಲಿ, ರಕ್ತಪಿಪಾಸು ನಾಯಕನ 'ಟ್ವೈಲೈಟ್' 2005ರಲ್ಲಿ ಬಂದವು. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ 'ಪ್ರತಿಲಿಪಿ'ಯಂಥ ವೇದಿಕೆಗಳಿಂದಾಗಿ ಕನ್ನಡದ ಧಾರಾವಾಹಿ ಪ್ರೇಮಕಥೆ ವಾರಪತ್ರಿಕೆಯಿಂದ ಫೋನಿಗೆ ಇಳಿದಿದೆ. ಮುಂದಿನ ಕಂತಿಗಾಗಿ ಕಾಯುವ ಚಪಲ ಮಾತ್ರ ಹಳೆಯದೇ.

ಮೂರು ಪ್ರಶ್ನೆಗಳ ಕೀಲಿ

ಸಸ್ಯಶಾಸ್ತ್ರದಲ್ಲಿ ಗಿಡವನ್ನು ಗುರುತಿಸಲು ಒಂದು 'ಕೀಲಿ' ಇರುತ್ತದೆ. ಎಲೆ ಒಂಟಿಯೋ ಸಂಯುಕ್ತವೋ, ಎದುರುಬದುರೋ ಪರ್ಯಾಯವೋ ಎಂದು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರೆ ಕೊನೆಗೆ ಹೆಸರು ಸಿಗುತ್ತದೆ. ಪ್ರೇಮಕಾದಂಬರಿಗೂ ಮೂರು ಪ್ರಶ್ನೆಗಳ ಕೀಲಿ ಸಾಕು. ಒಂದು: ಇಬ್ಬರ ನಡುವಿನ ಅಡ್ಡಿ ಏನು? ಎರಡು: ಆ ಅಡ್ಡಿಯನ್ನು ತೆಗೆದವರು ಯಾರು? ಮೂರು: "ಬೇಡ" ಎನ್ನುವ ಅವಕಾಶ ಪಾತ್ರಕ್ಕೆ ಇದೆಯೇ, ಹಾಗೆಂದ ಮೇಲೆ ಏನಾಗುತ್ತದೆ?

ಮೊದಲ ಪ್ರಶ್ನೆ ಪ್ರಭೇದವನ್ನು ತಿಳಿಸುತ್ತದೆ. ಉಳಿದೆರಡು ಅದರ ಗುಣವನ್ನು ತಿಳಿಸುತ್ತವೆ.

'ಬೆಳ್ಳಿಮೋಡ'ವನ್ನು ಈ ಕೀಲಿಯಿಂದ ತೆರೆದು ನೋಡಬಹುದು. ಇಂದಿರಾ ಸಿರಿವಂತ ಕಾಫಿ ಬೆಳೆಗಾರನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲಿರುವ ಮೋಹನ ಅವಳ ತಂದೆಯ ಹಣದಿಂದ ಹೊರದೇಶಕ್ಕೆ ಓದಲು ಹೋಗುತ್ತಾನೆ. ಈ ನಡುವೆ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳಿಗಿಲ್ಲ ಎಂದು ತಿಳಿದ ಮೋಹನನ ಪ್ರೀತಿ ತಣ್ಣಗಾಗುತ್ತದೆ. ಆಮೇಲೆ ಕಾಲು ಮುರಿದುಕೊಂಡು ಬಿದ್ದವನ ಆರೈಕೆಯನ್ನು ಅವಳೇ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಸಾಮಾನ್ಯ ಪ್ರೇಮಕಾದಂಬರಿಯಲ್ಲಿ ಇಲ್ಲಿ ಓಲಗ ಊದಬೇಕು. ಇಂದಿರಾ ಒಲ್ಲೆನೆನ್ನುತ್ತಾಳೆ.

ಅಡ್ಡಿ ಏನು? ಹಣ. ತೆಗೆದವರು ಯಾರು? ಕಾಲವೂ ಅಪಘಾತವೂ ಸೇರಿ ಅದನ್ನು ತೆಗೆದವು. ಹಾಗಿದ್ದರೂ ಮದುವೆ ಏಕೆ ನಡೆಯಲಿಲ್ಲ? ಮೂರನೆಯ ಪ್ರಶ್ನೆಗೆ ಈ ಕಾದಂಬರಿ ಪೂರ್ಣ ಅಂಕ ಪಡೆಯುವುದರಿಂದ. ನಾಯಕಿ "ಬೇಡ" ಎನ್ನಬಲ್ಲಳು, ಎಂದ ಮೇಲೆ ಆ ಮಾತು ನಿಲ್ಲುತ್ತದೆ. ಆರೈಕೆ ಮಾಡಿದ್ದು ದಯೆಯಿಂದ, ದಯೆಯೆಂದರೆ ಒಪ್ಪಿಗೆಯಲ್ಲ. ಅರ್ಧ ಶತಮಾನಕ್ಕೂ ಹಿಂದೆ ಒಬ್ಬ ಲೇಖಕಿ ಹೇಳಿದ ಈ ಮಾತು ಇವತ್ತಿನ ಹದಿನೇಳರ ಹುಡುಗನಿಗೂ ಹುಡುಗಿಗೂ ಬೇಕಾದದ್ದು.

ಇದೇ ಕೀಲಿಯನ್ನು 'ಎರಡು ಕನಸು' ಕಥೆಗೆ ಹಾಕಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಗಂಡನ ಮನಸ್ಸು ತಿರುಗುವವರೆಗೆ ಗೌರಿ ಕಾದದ್ದು ಸರಿ. ಅವನು ತಿರುಗದೇ ಹೋಗಿದ್ದರೆ ಅವಳಿಗೆ ಇದ್ದ ದಾರಿ ಯಾವುದು? ಕಥೆ ಇದನ್ನು ಕೇಳುವುದಿಲ್ಲ; ಓದುಗರು ಕೇಳಬೇಕು. ಹಾಗೆ ಕೇಳಿದ ಮಾತ್ರಕ್ಕೆ ಕಥೆಯ ಸೊಗಸು ಕಡಿಮೆಯಾಗುವುದಿಲ್ಲ.

ಎಚ್ಚರ ಬೇಕಾದಲ್ಲಿ

ಮೂರನೆಯ ಪ್ರಶ್ನೆಯಲ್ಲಿ ಸೋಲುವ ಕಥೆಗಳೂ ಬೇಕಾದಷ್ಟಿವೆ. ಅವುಗಳಲ್ಲಿ ನಾಯಕಿ ಎಷ್ಟು ಸಲ "ಬೇಡ" ಎಂದರೂ ನಾಯಕ ಬೆನ್ನು ಬಿಡುವುದಿಲ್ಲ. ಬಸ್ ನಿಲ್ದಾಣದಲ್ಲಿ ಕಾಯುತ್ತಾನೆ, ಕಾಲೇಜಿನವರೆಗೆ ಹಿಂಬಾಲಿಸುತ್ತಾನೆ, ಕೈ ಹಿಡಿದೆಳೆಯುತ್ತಾನೆ. ಹತ್ತನೆಯ ಅಧ್ಯಾಯದಲ್ಲಿ ಅವಳು ಕರಗುತ್ತಾಳೆ. ಒರಟನನ್ನು ಪ್ರೀತಿಯಿಂದ ಪಳಗಿಸುವ ಈ ಕಥೆ ಪ್ರಪಂಚದ ಎಲ್ಲ ಭಾಷೆಗಳಲ್ಲೂ ಇದೆ. ಸಿನಿಮಾದಲ್ಲಿ ಇನ್ನೂ ಹೆಚ್ಚಾಗಿದೆ. ಪುಸ್ತಕದೊಳಗೆ ಅದು ಸುರಕ್ಷಿತ, ಏಕೆಂದರೆ ಕೊನೆಯ ಪುಟದಲ್ಲಿ ಆತ ಒಳ್ಳೆಯವನಾಗುತ್ತಾನೆಂದು ಬರೆದವರು ಮೊದಲೇ ನಿಶ್ಚಯಿಸಿರುತ್ತಾರೆ. ಹೊರಗಿನ ಬದುಕಿಗೆ ಅಂಥ ಖಾತರಿ ಕೊಡುವ ಲೇಖಕರಿಲ್ಲ.

ಇಲ್ಲಿ ಕಾನೂನನ್ನು ತಿಳಿದಿರುವುದು ಒಳಿತು. ಒಲ್ಲೆನೆಂದು ಸ್ಪಷ್ಟವಾಗಿ ತಿಳಿಸಿದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು 2013ರಿಂದ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿ ಅದು ಸೇರಿದೆ. ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಇದರೊಳಗೇ ಬರುತ್ತದೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು; ಅವರ ಒಪ್ಪಿಗೆಗೆ ಕಾನೂನಿನ ಬೆಲೆಯಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಓಡಿಹೋಗುವ ಕಥೆಗಳಲ್ಲಿ ಈ ಸಂಖ್ಯೆಗಳು ಬರುವುದಿಲ್ಲ. ಹಾಗೆಯೇ, ಜಾತಿ ಧರ್ಮಗಳ ಅಡ್ಡಿಯಿದ್ದರೂ ವಯಸ್ಸಿಗೆ ಬಂದ ಇಬ್ಬರು ಕಾನೂನಿನ ಪ್ರಕಾರ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ 30 ದಿನಗಳ ನೋಟಿಸಿನ ದಾರಿಯನ್ನು ಕೊಟ್ಟಿದೆ ಎಂಬುದೂ ಬರುವುದಿಲ್ಲ. ಪೋಷಕರಿಗೂ ಮಕ್ಕಳಿಗೂ ಎರಡೂ ತಿಳಿದಿರಬೇಕು.

ಪೋಷಕರಿಗೆ ಎರಡು ಮಾತು

ಪ್ರೇಮಕಾದಂಬರಿ ಓದಿದವರು ಕೆಡುತ್ತಾರೆ ಎಂಬ ಭಯ ಹಳೆಯದು. ಆದರೆ ಇಂದು ಹಾಗೆ ಗದರಿಸುವ ಅನೇಕ ತಾಯಂದಿರು, ಅಜ್ಜಿಯರು ತಮ್ಮ ಕಾಲದಲ್ಲಿ ತ್ರಿವೇಣಿಯನ್ನೋ ಸಾಯಿಸುತೆಯನ್ನೋ ಓದಿದವರೇ. 'ಮಿಡಿದ ಶ್ರುತಿ' 1992ರಲ್ಲಿ ಸಿನಿಮಾ ಆದಾಗ ಥಿಯೇಟರಿಗೆ ಹೋದವರು ಇಂದು ಪಿಯುಸಿ ಓದುವ ಮಕ್ಕಳ ತಾಯಂದಿರಾಗಿದ್ದಾರೆ. ಅವರ ಓದು ಅವರನ್ನು ಕೆಡಿಸಲಿಲ್ಲ. ಪತ್ರ ಬರೆಯಲು, ಮಾತು ಜೋಡಿಸಲು, ಇನ್ನೊಬ್ಬರ ಸಂಕಟ ಊಹಿಸಲು ಕಲಿಸಿತು. ಶಾಲೆ ಅರ್ಧಕ್ಕೇ ಬಿಟ್ಟ ಎಷ್ಟೋ ಹೆಣ್ಣುಮಕ್ಕಳಿಗೆ ಅಕ್ಷರದ ಕೊನೆಯ ನಂಟಾಗಿ ಉಳಿದದ್ದು ಈ ಬಾಡಿಗೆ ಪುಸ್ತಕಗಳೇ.

ಇನ್ನೂ ಒಂದು ವಿಷಯವಿದೆ. ಪ್ರೀತಿ, ಒಪ್ಪಿಗೆ, ಮದುವೆ ಇವುಗಳ ಬಗ್ಗೆ ನಮ್ಮ ಮನೆಗಳಲ್ಲಿ ನೇರವಾಗಿ ಮಾತಾಡುವುದು ಕಷ್ಟ. ತಂದೆ ಮಗಳನ್ನು ಕೇಳಲಾರ, ಮಗ ತಾಯಿಗೆ ಹೇಳಲಾರ. ಆದರೆ "ಇಂದಿರಾ ಮೋಹನನನ್ನು ಏಕೆ ಒಪ್ಪಲಿಲ್ಲ? ಒಪ್ಪಬೇಕಾಗಿತ್ತೇ?" ಎಂದು ಊಟಕ್ಕೆ ಕೂತಾಗ ಕೇಳಬಹುದು. ಪಾತ್ರದ ನೆಪದಲ್ಲಿ ಮಕ್ಕಳು ತಮ್ಮ ಮನಸ್ಸನ್ನೇ ಹೇಳಿರುತ್ತಾರೆ. ಮಗಳು ಯಾವುದಕ್ಕೆ ಹೆದರುತ್ತಾಳೆ, ಮಗ ಹೆಣ್ಣಿನ "ಬೇಡ"ವನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾನೆ ಎಂಬುದು ಆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಪುಸ್ತಕ ಕಸಿದುಕೊಂಡ ಮನೆಯಲ್ಲಿ ಇದು ಎಂದೂ ಗೊತ್ತಾಗುವುದಿಲ್ಲ. ಅಲ್ಲಿ ಮಕ್ಕಳ ಪ್ರೇಮಕ್ಕೆ ಅಡ್ಡಿ ಬಂದಾಗ ಮೊದಲು ತಿಳಿಯುವುದು ಊರಿಗೆ, ಕೊನೆಗೆ ತಿಳಿಯುವುದು ತಂದೆತಾಯಿಗೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನ ಕಲಿಸಿ, 2005ರಲ್ಲಿ ನಿಧನರಾದ ಡಾ. ಎಚ್. ನರಸಿಂಹಯ್ಯನವರು ಜೀವಮಾನವಿಡೀ ವಿದ್ಯಾರ್ಥಿಗಳಿಗೆ ಹೇಳಿದ್ದು, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದೆಂದು. ಅವರು ಪ್ರಶ್ನಿಸಿದ್ದು ಪವಾಡಗಳನ್ನು. ಆದರೆ ಪ್ರಶ್ನಿಸುವ ಬುದ್ಧಿಯನ್ನು ಪವಾಡಗಳಿಗೆ ಮಾತ್ರ ಮೀಸಲಿಡಬೇಕಾಗಿಲ್ಲ. ಕಾದಂಬರಿಯ ಕೊನೆಯ ಪುಟದ ಮದುವೆಯೂ ಒಂದು ಬಗೆಯ ಪವಾಡವೇ. ಅದು ಹೇಗೆ ಆಯಿತು, ಯಾರ ವೆಚ್ಚದಲ್ಲಿ ಆಯಿತು ಎಂದು ಕೇಳಬಹುದು. ಕೇಳುತ್ತಲೇ ಕಣ್ಣೀರನ್ನೂ ಹಾಕಬಹುದು. ಒಂದಕ್ಕೆ ಇನ್ನೊಂದು ವಿರೋಧವಲ್ಲ.

ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಲಿ. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಬೇರೆ ಬೇರೆ ಪ್ರಭೇದದ ಮೂರು ಕಾದಂಬರಿಗಳನ್ನು ಆರಿಸಿಕೊಳ್ಳಲಿ. ನೋಟ್ ಪುಸ್ತಕದಲ್ಲಿ ಮೂರು ಕಂಬಸಾಲು ಎಳೆದು, ಅಡ್ಡಿ ಏನು, ತೆಗೆದವರು ಯಾರು, "ಬೇಡ"ಕ್ಕೆ ಬೆಲೆ ಇತ್ತೇ ಎಂದು ತುಂಬಲಿ. ಅದೇ ಪುಸ್ತಕವನ್ನು ಮನೆಯ ಹಿರಿಯರೊಬ್ಬರ ಕೈಗೂ ಕೊಟ್ಟು, ಅವರ ಉತ್ತರವನ್ನು ಪಕ್ಕದಲ್ಲಿ ಬರೆದುಕೊಳ್ಳಲಿ. ಎರಡು ಉತ್ತರಗಳು ಹೊಂದದೆ ಇದ್ದಲ್ಲಿ ಅಡಿಗೆರೆ ಎಳೆಯಲಿ. ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು ಆ ಗೆರೆ ಬಿದ್ದ ಜಾಗದಲ್ಲೇ.